ಪಟ್ಟಿಯಲ್ಲಿ ಇಲ್ಲದ ಊರು ಅತ್ತಿಗುಂಡಿ

ನಾನು ಕೆಲಸ ಮಾಡೋದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಲ್ಲಿ ರಜೆ ಅಂದ್ರೆ ಹೀಗೆ: ಬೆಳಿಗ್ಗೆ ಕಾರು ಹತ್ತಿ ಗಡಿ ದಾಟಿದರೆ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಕಾಫಿ, ಮಧ್ಯಾಹ್ನ ಹಾಲ್‌ಸ್ಟಾಟ್ ಸರೋವರದ ದಂಡೆಯಲ್ಲಿ ಊಟ, ರಾತ್ರಿ ವಾಪಸ್ ಮನೆ. 2025ರ ಡಿಸೆಂಬರ್‌ನಲ್ಲಿ ಮೂರು ವಾರದ ರಜೆಗೆ ಹಾಸನಕ್ಕೆ ಬಂದಾಗಲೂ ಅದೇ ಚಟ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಲು ಒಂದು ದಿನದ ಪಟ್ಟಿ ಮಾಡಿದೆ. ಬೇಲೂರು, ಚಿಕ್ಕಮಗಳೂರು, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ. ಒಂದೊಂದಕ್ಕೂ ಇಷ್ಟು ನಿಮಿಷ ಅಂತ ಲೆಕ್ಕ. ಅಮ್ಮ ಪಟ್ಟಿ ನೋಡಿ, "ದಾರೀಲಿ ಅತ್ತಿಗುಂಡಿ ಸಿಗುತ್ತಲ್ವಾ?" ಅಂದಳು. "ಸಿಗುತ್ತೆ, ಅಲ್ಲೇನಿದೆ?" ಅಂದೆ. ಸುಮ್ಮನಾದಳು.

ನಸುಕಿನಲ್ಲೇ ಹೊರಟೆವು. ಬೇಲೂರಿನಲ್ಲಿ, ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನ ಮುಂದೆ ನನ್ನ ಲೆಕ್ಕದ ಪ್ರಕಾರ 40 ನಿಮಿಷ. ಚಿಕ್ಕಮಗಳೂರಿನಲ್ಲಿ ತಿಂಡಿ ಮುಗಿಸಿ ಕೈಮರದ ಚೆಕ್‌ಪೋಸ್ಟ್ ತಲುಪಿದೆವು. ಈಗ ಗಿರಿಗೆ ಹೋಗಬೇಕಾದರೆ ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಬೇಕು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಅಂತ ವಾಹನಗಳಿಗೆ ಮಿತಿ ಇದೆ. ನಮ್ಮದು ಬೆಳಗಿನದು.

ಕೈಮರ ದಾಟಿದರೆ ಘಾಟಿ ಶುರು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರ ನೆರಳಲ್ಲಿ ಅರೇಬಿಕಾ ಗಿಡಗಳು. ಹಣ್ಣು ಬಿಡಿಸುವ ಕಾಲವಾದ್ದರಿಂದ ತೋಟದ ತುಂಬಾ ಜನ. ಯೆಮನ್‌ನ ಮೋಕಾದಿಂದ ಏಳು ಕಾಫಿ ಬೀಜ ತಂದು ಬಾಬಾ ಬುಡನ್ ಈ ಬೆಟ್ಟದಲ್ಲೇ ಬಿತ್ತಿದರು ಅನ್ನುವ 17ನೇ ಶತಮಾನದ ಕತೆ ಹೇಳಲು ಶುರು ಮಾಡಿದೆ. ಅಮ್ಮ ಕೇಳಿಸಿಕೊಳ್ಳುತ್ತಿರಲಿಲ್ಲ. ಮೇಲೆ ದಾರಿ ಎರಡಾಗುತ್ತದೆ. ಒಂದು ಸೀತಾಳಯ್ಯನಗಿರಿ ಮೂಲಕ ರಾಜ್ಯದ ಅತಿ ಎತ್ತರದ, 1,930 ಮೀಟರ್‌ನ ಮುಳ್ಳಯ್ಯನಗಿರಿಗೆ, ಇನ್ನೊಂದು ಅತ್ತಿಗುಂಡಿಗೆ. ನಾನು ಮೊದಲನೆಯದಕ್ಕೆ ತಿರುಗಿಸುವಷ್ಟರಲ್ಲಿ ಅಪ್ಪ, "ಮೊದ್ಲು ಅತ್ತಿಗುಂಡಿಗೆ ಹೋಗೋ. ನಿಮ್ಮಮ್ಮ ಹುಟ್ಟಿದ್ದು ಅಲ್ಲೇ" ಅಂದರು.

31 ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ! ತಾತ ತೋಟವೊಂದರಲ್ಲಿ ರೈಟರ್ ಆಗಿದ್ದರಂತೆ. ಬೆಳಿಗ್ಗೆ ಮಸ್ಟರ್ ಕರೆಯುವುದು, ಹಾಜರಿ, ಬಟವಾಡೆ, ಎಲ್ಲ ಅವರ ಲೆಕ್ಕ. 1977ರ ಮಳೆಗಾಲದಲ್ಲಿ ಜ್ವರ ಬಂದು ತೀರಿಹೋದರು. ತೋಟದ ಮನೆ ಕೆಲಸದ ಜೊತೆ ಬಂದದ್ದು, ಕೆಲಸದವರ ಜೊತೆಗೇ ಹೋಯಿತು. ತಿಂಗಳೊಳಗೆ ಅಜ್ಜಿ ಮೂರು ಮಕ್ಕಳನ್ನು ಲಾರಿ ಹತ್ತಿಸಿ ಹಾಸನಕ್ಕೆ, ತಮ್ಮನ ಮನೆಗೆ ಬಂದರು. ಅಮ್ಮನಿಗೆ ಆಗ ಹತ್ತು ವರ್ಷ. ಹಾಸನದಿಂದ ಎರಡು ಮೂರು ಗಂಟೆಯ ದಾರಿ, 48 ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. "ಯಾರ ಮನೆಗೆ ಅಂತ ಹೋಗೋದು?" ಅಂದಳು.

ಹೊನ್ನಮ್ಮನ ಹಳ್ಳದ ನೀರಿನ ಸದ್ದು ಕೇಳುತ್ತಲೇ ಅಮ್ಮ ಕಿಟಕಿ ಇಳಿಸಿದಳು. ಅತ್ತಿಗುಂಡಿ ಅಂದರೆ ರಸ್ತೆ ಪಕ್ಕ ಒಂದಷ್ಟು ಅಂಗಡಿ. ಚಹಾ, ಮೆಣಸಿನಕಾಯಿ ಬಜ್ಜಿ, ಪ್ರವಾಸಿಗರಿಗೆ ಮ್ಯಾಗಿ. ಚಹಾ ಕುಡಿಯುತ್ತಾ ವಿಚಾರಿಸಿದೆವು. ಬೆಂಚಿನ ಮೇಲೆ ಕೂತಿದ್ದ ವಯಸ್ಸಾದವರೊಬ್ಬರು ಅಮ್ಮನನ್ನು ದಿಟ್ಟಿಸಿ, "ಕರಿ ಕೊಡೆ ಹಿಡ್ಕೊಂಡು ಮಸ್ಟರ್ ಕರೀತಿದ್ರಲ್ಲ, ಆ ರೈಟ್ರ ಮಗಳಾ?" ಅಂದರು. ಅಮ್ಮ ಹೂಂ ಅನ್ನಲೂ ಆಗದೆ ತಲೆ ಆಡಿಸಿದಳು.

ಅವರು ತೋರಿಸಿದ ದಾರಿಯಲ್ಲಿ ಹೋದರೆ ಸಿಕ್ಕಿದ್ದು ಒಂದು ಹೋಂಸ್ಟೇ. ಕಾಫಿ ಒಣಗಿಸುತ್ತಿದ್ದ ಕಣ ಈಗ ಪಾರ್ಕಿಂಗ್. ಹೆಂಚಿನ ಮನೆಗೆ ಹೊಸ ಬಣ್ಣ, ಹೊಸ ಟೈಲ್ಸು. ನೋಡಿಕೊಳ್ಳುವ ಹುಡುಗ ಒಳಗೆ ಬಿಟ್ಟ. "ಇದು ಅಡುಗೆಮನೆ ಆಗಿತ್ತು" ಅಂತ ಅಮ್ಮ ತೋರಿಸಿದ್ದು ಅಟ್ಯಾಚ್ಡ್ ಬಾತ್‌ರೂಮು. ಮುಂದಿನ ಕಿಟಕಿಯ ಕಬ್ಬಿಣದ ಸರಳು ಮಾತ್ರ ಹಳೆಯದೇ. ಅಪ್ಪ ಬರುವುದನ್ನು ಅಲ್ಲಿಂದಲೇ ಕಾಯುತ್ತಿದ್ದಳಂತೆ. ಸರಳು ಹಿಡಿದು ತುಂಬಾ ಹೊತ್ತು ನಿಂತಳು. ನಾನು ವಾಚ್ ನೋಡಲಿಲ್ಲ.

ಹುಡುಗ ಬೆಲ್ಲದ ಕಪ್ಪು ಕಾಫಿ ಕೊಟ್ಟ. ಅಲ್ಲಿಂದ ಅಮ್ಮ ಓದಿದ ಶಾಲೆಯ ಕಡೆ ನಡೆದೆವು, ಹಳ್ಳದ ನೀರಿಗೆ ಕಾಲಿಟ್ಟೆವು. ಪಾಳಿ ಮುಗಿಯುತ್ತಾ ಬಂತು. ಮುಳ್ಳಯ್ಯನಗಿರಿ ದೂರದಿಂದಲೇ ಕಂಡಿತು, ಮಾಣಿಕ್ಯಧಾರಾ ಅದೂ ಇಲ್ಲ.

ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿದೆ. ಹೊಸಬರಿಗೆ ನನ್ನದೊಂದು ಮಾತು: ಈ ಘಾಟಿಯಲ್ಲಿ ಬ್ರೇಕನ್ನೇ ನಂಬಬೇಡಿ, ತಿರುವಿನಲ್ಲಿ ಹಾರ್ನ್ ಮಾಡಿ, ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ, ವಿಚಾರಿಸಿಕೊಂಡೇ ಹೊರಡಿ. ಪ್ಲಾಸ್ಟಿಕ್ ಬಾಟಲಿ ವಾಪಸ್ ತನ್ನಿ. ಪಟ್ಟಿ ಮಾಡುವ ಮೊದಲು ಹಿಂದಿನ ಸೀಟಿನಲ್ಲಿ ಕೂರುವವರನ್ನೂ ಒಂದು ಮಾತು ಕೇಳಿ.

ಚಿಕ್ಕಮಗಳೂರು ದಾಟಿದ ಮೇಲೆ ಅಮ್ಮ ಕೇಳಿದಳು, "ಆ ಮನೆಗೆ ಒಂದು ರಾತ್ರಿಗೆ ಎಷ್ಟಂತೆ?" ಹೇಳಿದೆ. "ಅಯ್ಯೋ, ನಮ್ಮನೇಲಿ ಮಲಗೋಕೆ ಅಷ್ಟು ದುಡ್ಡಾ!" ಅಂತ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸಲ ಬಂದಾಗ ಮಾಡಿಸು. ಮುಂದಿನ ರೂಮೇ ಇರಲಿ" ಅಂದಳು.

ಮ್ಯೂನಿಕ್‌ಗೆ ಬಂದವನೇ ಮುಂದಿನ ಡಿಸೆಂಬರ್‌ಗೆ ರಜೆ ಹಾಕಿದ್ದೇನೆ. ಈ ಸಲದ ಪಟ್ಟಿಯಲ್ಲಿ ಒಂದೇ ಊರು.