ಅಚ್ಚಿನ ದೋಷ

ನಾಣ್ಯಕ್ಕೆ ತಗಲುವ ಕಳಂಕ ಎರಡು ಬಗೆಯದು. ಒಂದು ಲೋಕದಲ್ಲಿ ಕೈಯಿಂದ ಕೈಗೆ ಸಾಗುವಾಗ ತಗಲಿದ್ದು. ಮತ್ತೊಂದು ಟಂಕಸಾಲೆಯಿಂದಲೇ ಹೊತ್ತು ತಂದದ್ದು. ಇವುಗಳ ಭೇದವನ್ನರಿಯದೆ ಕೊಟ್ಟ ತೀರ್ಪು ಎಷ್ಟು ಕಾಲ ನೋಯಿಸಬಲ್ಲದೆಂಬುದಕ್ಕೆ ಬಳ್ಳಾರಿಯ ನಿವೃತ್ತ ಉಪಾಧ್ಯಾಯರೊಬ್ಬರಲ್ಲಿರುವ ಎರಡು ಕಾಲಾಣೆಗಳೇ ಸಾಕ್ಷಿ.

೧೯೫೫ರಲ್ಲಿ ಅವರು ಹತ್ತು ವರ್ಷದ ಬಾಲಕ. ಅಜ್ಜಿಯೊಡನೆ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋಗಿದ್ದರು. ರೂಪಾಯಿಗೆ ೧೬ ಆಣೆ, ೬೪ ಕಾಲಾಣೆಗಳ ಲೆಕ್ಕ ನಡೆಯುತ್ತಿದ್ದ ಕಾಲವದು. ನಯಾ ಪೈಸೆ ಬಂದದ್ದು ೧೯೫೭ರ ಏಪ್ರಿಲ್ ೧ರಂದು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಟ್ಟ ೧೯೩೦ರ ಕಾಲಾಣೆಯನ್ನು ಹುಡುಗ ಬೆಂಡು-ಬತ್ತಾಸಿನ ಅಂಗಡಿಯಲ್ಲಿ ನೀಡಿದ. ಐದನೆಯ ಜಾರ್ಜ್ ದೊರೆಯ ಮುಖವಿದ್ದ ಬದಿಯಲ್ಲಿ ಅಂಚಿನ ಲೋಹ ಉಬ್ಬಿ, ಹೆಸರಿನ ಎರಡು ಅಕ್ಷರಗಳನ್ನು ನುಂಗಿತ್ತು. "ಯಮ್ಮಾ, ಖೋಟಾ ದುಡ್ಡು ಹುಡುಗನ ಕೈಯಾಗ ಕೊಟ್ಟು ಕಳಿಸೀಯಲ್ಲ!" ಎಂದು ಅಂಗಡಿಯವನು ನಾಲ್ಕು ಜನರೆದುರು ಅದನ್ನೆಸೆದ. ಹತ್ತಿ ಬಿಡಿಸಿದ ಕೂಲಿಯ ಹಣವದು. ಅಜ್ಜಿ ಮರುಮಾತಾಡದೆ ಎತ್ತಿಕೊಂಡರು. ಬದುಕಿರುವ ತನಕ ಅದನ್ನು ಮತ್ತೆ ಯಾರಿಗೂ ಕೊಡಲಿಲ್ಲ, ಬಿಸಾಡಲೂ ಇಲ್ಲ.

ಮುಂದೆ ಉಪಾಧ್ಯಾಯರು ನಾಣ್ಯಶಾಸ್ತ್ರದ ಗ್ರಂಥಗಳನ್ನು ಓದಿ ತಿಳಿದುದಿಷ್ಟು: ಉಕ್ಕಿನ ಅಚ್ಚು ಸಾವಿರಾರು ಪೆಟ್ಟುಗಳನ್ನು ತಾಳಿ, ದಣಿದು, ಬಿರಿಯುತ್ತದೆ. ಒತ್ತುವಾಗ ಬಿಲ್ಲೆಯ ಲೋಹ ಆ ಬಿರುಕಿಗೆ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆಯಾಗುತ್ತದೆ. ಅಚ್ಚಿನ ಅಂಚೇ ಒಡೆದು ಬಿದ್ದರೆ ಅಲ್ಲಿ ಚಿತ್ರವೂ ಅಕ್ಷರವೂ ಇಲ್ಲದ ಬರಿಯ ಉಬ್ಬು ನಿಲ್ಲುತ್ತದೆ. ಅದಕ್ಕೆ ಸರಿಯಾಗಿ ಹಿಂಬದಿಯ ಮುದ್ರೆ ಮಾಸಲಾಗುವುದುಂಟು. ಬಳಕೆಯಲ್ಲಿ ಬಿದ್ದ ಗೀರಾದರೋ ತಗ್ಗಾಗಿರುತ್ತದೆ. ಅಜ್ಜಿಯ ಕಾಲಾಣೆಯ ಹಿಂಬದಿಯೂ ಮಾಸಿತ್ತು. ಆದರೂ ಒಂದೇ ನಾಣ್ಯದಿಂದ ನಿಶ್ಚಯ ಹೇಳಲು ಅವರ ಮನಸ್ಸೊಪ್ಪಲಿಲ್ಲ.

ನಿವೃತ್ತರಾದ ಮೇಲೆ ಒಮ್ಮೆ ಸಿರುಗುಪ್ಪಕ್ಕೆ ಹೋಗಿದ್ದರು. ತುಂಗಭದ್ರೆಯ ಆಚೆಯ ದಡ ಹೈದರಾಬಾದು ಸಂಸ್ಥಾನದ್ದಾಗಿದ್ದ ದಿನಗಳಲ್ಲಿ ಎರಡು ಸರ್ಕಾರಗಳ ಹಣವನ್ನು ಕಂಡ ಸೀಮೆಯದು. ಅಲ್ಲಿನ ತಾಮ್ರ-ಹಿತ್ತಾಳೆಯ ಅಂಗಡಿಯೊಂದರಲ್ಲಿ ತೂಕಕ್ಕೆ ಬಂದಿದ್ದ ಹಳೆಯ ಬಿಡಿಗಾಸುಗಳ ರಾಶಿಯಲ್ಲಿ ೧೯೩೦ರ ಮತ್ತೊಂದು ಕಾಲಾಣೆ ಕೈಗೆ ಸಿಕ್ಕಿತು. ಅದರಲ್ಲಿ ಅಕ್ಷರಗಳೆಲ್ಲ ಉಳಿದಿದ್ದವು. ಆದರೆ ಅದೇ ಎರಡು ಅಕ್ಷರಗಳನ್ನು ಕೂದಲೆಳೆಯಂಥ ಉಬ್ಬುಗೆರೆಯೊಂದು ಅಂಚಿನಿಂದ ಅಂಚಿಗೆ ಬಳಸಿತ್ತು. ಒಂದು ಅಚ್ಚು ಬಿರಿದಾಗ ಹುಟ್ಟಿದ್ದು, ಮತ್ತೊಂದು ಅದೇ ಅಚ್ಚು ಒಡೆದ ಮೇಲೆ ಹುಟ್ಟಿದ್ದು. ಅಜ್ಜಿಯ ಕಾಲಾಣೆ ಖೋಟಾ ಆಗಿರಲಿಲ್ಲ. ಅದನ್ನು ಕೇಳಿ ಸಂತೋಷಪಡಲು ಅಜ್ಜಿ ಇರಲಿಲ್ಲ.

ಅಂದು ರಾತ್ರಿ ಅವರಿಗೆ ಅಂಗಡಿಯವನ ಮೇಲೆ ಸಿಟ್ಟು ಬರಲಿಲ್ಲ. ಬಹಳ ಹಿಂದೆ ಲೆಕ್ಕ ತಪ್ಪಿದ ಹುಡುಗನೊಬ್ಬನನ್ನು ತರಗತಿಯ ಎದುರು "ಖೋಟಾ ನಾಣ್ಯ" ಎಂದು ತಾವೇ ಜರೆದದ್ದು ನೆನಪಾಯಿತು. ಮರುದಿನದಿಂದ ಆ ಹುಡುಗ ಶಾಲೆಗೆ ಬರಲಿಲ್ಲ. ಅವನ ಮೇಲಿನ ಗೆರೆ ಅವನದೋ, ಅವನನ್ನು ಒತ್ತಿದ ಅಚ್ಚಿನದೋ ಎಂದು ಅವರು ನೋಡಿರಲಿಲ್ಲ. ಆ ಅಚ್ಚಿನಲ್ಲಿ ಉಪಾಧ್ಯಾಯರ ಪಾಲೂ ಇತ್ತಲ್ಲವೆ!

ಈಗ ಕಿರಿಯ ಅಧ್ಯಾಪಕರು ಮನೆಗೆ ಬಂದರೆ ಆ ಎರಡು ಕಾಸುಗಳನ್ನೂ ಒಂದು ಭೂತಗನ್ನಡಿಯನ್ನೂ ಅವರ ಮುಂದಿಟ್ಟು ಹೇಳುತ್ತಾರೆ: "ಗೆರೆ ಉಬ್ಬೋ ತಗ್ಗೋ, ಮೊದಲು ನೋಡಿರಿ. ಹೆಸರಿಡುವುದು ಆಮೇಲೆ."