ಗಿಟಾರಿನ ಬ್ರಿಡ್ಜಿಗೆ ಅಷ್ಟು ದುಡ್ಡಾ?

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಹಾಡಿನ ತಂಡದ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನದಿಂದ ಒಂದೇ ಮಾತು. “ಒಂದು ಕಬ್ಬಿಣದ ತುಂಡಿಗೆ 16 ಸಾವಿರನಾ ಅಣ್ಣಾ? ಆ ದುಡ್ಡಿಗೆ ಎಷ್ಟು ತಮಟೆ ಬರ್ತಿತ್ತು!” ದುಡ್ಡು ಚಂದಾ ಎತ್ತಿದ್ದು. ಐವತ್ತು ರೂಪಾಯಿ ಕೊಟ್ಟ ಗಾರ್ಮೆಂಟ್ಸ್ ಅಕ್ಕಂದಿರೂ ಅದರಲ್ಲಿದ್ದಾರೆ. ಹಾಗಾಗಿ ಕೇಳಿದ್ದು ಸರಿ. ಆಫೀಸಿನಲ್ಲಿ ದಿನಾ ವೋಚರ್ ಬರೆಯೋನಿಗೆ ಲೆಕ್ಕ ಕೊಡೋದು ಕಷ್ಟವೇನಲ್ಲ. ಆದರೆ ಇದು ಬರೀ ಮೊತ್ತ ಬರೆದು ಸಹಿ ಹಾಕುವ ಲೆಕ್ಕ ಅಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಕಂಬಾಲಪಲ್ಲಿ ಬಗ್ಗೆ ನಾವು ಹಾಡೋ ಹಾಡು ನಿಮಗೆ ಗೊತ್ತು. 2000ನೇ ಇಸವಿ ಮಾರ್ಚ್ 11, ಏಳು ಜನ ನಮ್ಮವರನ್ನು ಸುಟ್ಟರು. 2006ರಲ್ಲಿ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. ಆ ಹಾಡಿನ ನಡುವೆ ಮಾತು ನಿಲ್ಲುತ್ತೆ, ತಮಟೆ ನಿಲ್ಲುತ್ತೆ, ನಮ್ಮ ಹುಡುಗ ಗಿಟಾರಿನ ಸಲಾಕೆ ಒತ್ತಿ ಸ್ವರವನ್ನು ಪಾತಾಳಕ್ಕೆ ಇಳಿಸ್ತಾನೆ. ತಂತಿ ಸಡಿಲ ಬಿದ್ದು ಬರೀ ಗೊರಗೊರ ಸದ್ದು. ಆಮೇಲೆ ನಿಧಾನಕ್ಕೆ ಮೇಲೆ ಬರುತ್ತೆ, ಅಕ್ಕ ಅದೇ ಸ್ವರ ಹಿಡಿದು ಮುಂದಿನ ಸಾಲು ಎತ್ತಿಕೊಳ್ಳಬೇಕು. ಕಳೆದ ನಾಲ್ಕು ಕಾರ್ಯಕ್ರಮದಲ್ಲಿ ಹೋದ ಸ್ವರ ಹೋದ ಜಾಗಕ್ಕೆ ವಾಪಸ್ ಬರಲೇ ಇಲ್ಲ. ಅಕ್ಕ ಒಂದು ಕಡೆ, ಗಿಟಾರು ಇನ್ನೊಂದು ಕಡೆ. ಸತ್ತವರ ಹೆಸರು ಹೇಳುವ ಜಾಗದಲ್ಲಿ ಮುಂದಿನ ಸಾಲಿನ ಹುಡುಗರು ನಕ್ಕರು. ನನಗೆ ಅದು ತಡೆಯೋಕಾಗಲಿಲ್ಲ.

ತಮಟೆಯವರಿಗೆ ಅರ್ಥವಾಗೋ ಹಾಗೆ ಹೇಳ್ತೀನಿ. ಬಾರಿಸೋಕೆ ಮುಂಚೆ ಹುಲ್ಲು, ಪೇಪರ್ ಹಚ್ಚಿ ಚರ್ಮ ಕಾಯಿಸ್ತೀವಲ್ಲ, ಬಿಗಿ ಇಳಿದರೆ ಮತ್ತೆ ಕಾಯಿಸ್ತೀವಲ್ಲ. ಗಿಟಾರಿನಲ್ಲಿ ಹಾಗೆ ಹಾಡಿನ ಮಧ್ಯೆ ನಿಲ್ಲಿಸಿ ಬಿಗಿ ಮಾಡೋಕಾಗಲ್ಲ. ಫ್ಲಾಯ್ಡ್ ರೋಸ್ ಅನ್ನೋ ಅಮೆರಿಕದ ಗಿಟಾರಿಸ್ಟ್, ಒಡವೆ ಮಾಡೋ ಕೆಲಸವೂ ಗೊತ್ತಿದ್ದವನು, ಇದಕ್ಕೊಂದು ದಾರಿ ಹುಡುಕಿ 1979ರಲ್ಲಿ ಪೇಟೆಂಟ್ ಪಡೆದ. ತಂತಿಯನ್ನು ಮೇಲೆ ಕತ್ತಿನ ಹತ್ತಿರ ಒಂದು ಕಡೆ, ಕೆಳಗೆ ಬ್ರಿಡ್ಜಿನಲ್ಲಿ ಒಂದು ಕಡೆ ಸ್ಕ್ರೂ ಹಾಕಿ ಬಿಗಿದು ಬೀಗ ಹಾಕೋದು. ಆಗ ತಂತಿ ಜಾರೋ ಮಾತೇ ಇಲ್ಲ. ಇದಕ್ಕೆ ಲಾಕಿಂಗ್ ಟ್ರೆಮೊಲೊ ಅಂತಾರೆ. ನಿಜ ಹೇಳಬೇಕಂದ್ರೆ ಟ್ರೆಮೊಲೊ ಅಂದರೆ ಸದ್ದಿನ ಏರಿಳಿತ, ಸ್ವರದ ಏರಿಳಿತಕ್ಕೆ ವೈಬ್ರೇಟೊ ಅನ್ನಬೇಕು. 1954ರ ಸ್ಟ್ರಾಟೊಕ್ಯಾಸ್ಟರ್ ಗಿಟಾರಿಗೆ ಫೆಂಡರ್‌ನವರು ಟ್ರೆಮೊಲೊ ಅಂದುಬಿಟ್ಟರು, ಅದೇ ನಿಂತುಹೋಯ್ತು. ಇನ್ನೊಬ್ಬರು ಇಟ್ಟ ತಪ್ಪು ಹೆಸರನ್ನೇ ಹೊತ್ತು ತಿರುಗೋದು ನಮಗೇನು ಹೊಸದಲ್ಲ ಬಿಡಿ.

ಈ ಬ್ರಿಡ್ಜ್ ಎರಡು ಗೂಟಗಳ ಮೇಲೆ ಕತ್ತಿಯಂಥ ಎರಡು ಅಂಚು ಊರಿ ತೂಗ್ತಾ ಇರುತ್ತೆ. ಮುಂದಿನಿಂದ ಆರು ತಂತಿ ಎಳೀತವೆ, 10-46 ಸೆಟ್ಟಾದರೆ ಸುಮಾರು 47 ಕಿಲೋ ಎಳೆತ. ಹಿಂದಿನಿಂದ ಸ್ಪ್ರಿಂಗುಗಳು ಅಷ್ಟೇ ಎಳೀತವೆ. ಇಡೀ ಭಾರ ಆ ಎರಡು ಅಂಚಿನ ಮೇಲೆ. ನಮ್ಮದು ಯಾರೋ ಬಳಸಿ ಕೊಟ್ಟ ಗಿಟಾರು, ಅದರ ಬ್ರಿಡ್ಜ್ ಅಗ್ಗದ ಮೆತ್ತನೆ ಲೋಹದ್ದು. ಅಂಚು ಮೊಂಡಾಗಿ ಕೂದಲೆಳೆಯಷ್ಟು ಜಾಗ ಬದಲಾದರೂ ಸ್ವರ ತಪ್ಪುತ್ತೆ. ಮೊದಲು ಹೊಸ ತಂತಿ ಹಾಕಿ ನೋಡಿದ್ವಿ, ಕತ್ತಿನ ಬೀಗ ಬಿಗಿ ಮಾಡಿದ್ವಿ, ಸ್ಪ್ರಿಂಗ್ ಬದಲಾಯಿಸಿದ್ವಿ. ಬ್ರಿಡ್ಜ್ ಬಿಚ್ಚಿ ಬೆಳಕಿಗೆ ಹಿಡಿದಾಗಲೇ ಅಂಚಿನಲ್ಲಿ ತಗ್ಗು ಕಂಡಿದ್ದು.

ಖರ್ಚಿಲ್ಲದ ದಾರಿಗಳೂ ಇದ್ದವು. ಅಂಚಿಗೆ ಅರ ಹಾಕಿ ಚೂಪು ಮಾಡೋಣ ಅಂದರು ಒಬ್ಬರು. ಮೆತ್ತನೆ ಲೋಹ, ನಾಲ್ಕು ತಿಂಗಳಿಗೆ ಮತ್ತೆ ಅದೇ ಕತೆ. ಹಿಂದೆ ಮರದ ತುಂಡು ಸಿಕ್ಕಿಸಿ ಬ್ರಿಡ್ಜ್ ಅಲ್ಲಾಡದ ಹಾಗೆ ಮಾಡಿ ಅಂದರು ಇನ್ನೊಬ್ಬರು. ಮಾಡಬಹುದು, ಶ್ರುತಿ ಗಟ್ಟಿ ನಿಲ್ಲುತ್ತೆ, ಆದರೆ ಆ ಇಳಿತ ಹಾಡಿನಿಂದಲೇ ಹೋಗುತ್ತೆ. ಎರಡು ಮೂರು ಸಾವಿರಕ್ಕೆ ಹೆಸರಿಲ್ಲದ ಬ್ರಿಡ್ಜೂ ಸಿಗುತ್ತೆ, ಅದರ ಲೋಹ ಯಾವುದು ಅಂತ ಮಾರೋನಿಗೇ ಗೊತ್ತಿಲ್ಲ.

ಫ್ಲಾಯ್ಡ್ ರೋಸ್ ಕಂಪನಿಯದೇ ‘ಸ್ಪೆಷಲ್’ ಅಂತ ಒಂದಿದೆ. ಬೆಲೆ ಕಡಿಮೆ, ಆದರೆ ತಂತಿ ಕೂರೋ ಸ್ಯಾಡಲ್ಲು, ಕೆಳಗಿನ ಬ್ಲಾಕು ಎರಡೂ ಸತುವಿನ ಮಿಶ್ರಲೋಹ. 1000 ಸೀರೀಸ್ ಕೊರಿಯಾದ್ದು, ಪರವಾಗಿಲ್ಲ. ಜರ್ಮನಿಯಲ್ಲಿ ತಯಾರಾಗೋ ‘ಒರಿಜಿನಲ್’ ನಮ್ಮ ಕೈಗೆ ಮೀರಿದ್ದು. ಕೊನೆಗೆ ಉಳಿದಿದ್ದು ಜಪಾನಿನ ಗೊಟೊ ಕಂಪನಿಯ ಜಿಇ 1996ಟಿ. ಅಂಚು ಗಟ್ಟಿ ಉಕ್ಕು, ಒರಿಜಿನಲ್ ಕೂರೋ ಜಾಗದಲ್ಲೇ ಕೂರುತ್ತೆ, ಮರ ಕೊರೆಯೋ ಹಾಗಿಲ್ಲ.

ತಗೊಳ್ಳೋ ಮುಂಚೆ ಅಳತೆ ಮುಖ್ಯ. ಐಟಿಐ ಮಾಡಿದ ತಮ್ಮನೊಬ್ಬ ವರ್ನಿಯರ್ ತಂದ. ಎರಡು ಗೂಟದ ನಡುವಿನ ದೂರವನ್ನು ಒಂದರ ಎಡ ಅಂಚಿಂದ ಇನ್ನೊಂದರ ಎಡ ಅಂಚಿಗೆ ಅಳೀಬೇಕು, ಆಗ ಮಧ್ಯದಿಂದ ಮಧ್ಯಕ್ಕೆ ಎಷ್ಟೋ ಅಷ್ಟೇ ಬರುತ್ತೆ. ನಮ್ಮದು 74 ಮಿ.ಮೀ., ಸರಿಹೋಯ್ತು. ಅಗ್ಗದ ಗಿಟಾರುಗಳಲ್ಲಿ ಇದೇ ಕೈಕೊಡೋದು, ಒಂದೊಂದರಲ್ಲಿ ಒಂದೊಂದು ಅಳತೆ. ಬ್ಲಾಕಿನ ಉದ್ದವನ್ನೂ ನೋಡಬೇಕು. ಫ್ಲಾಯ್ಡ್ ರೋಸ್‌ನಲ್ಲಿ 32, 37, 42 ಮಿ.ಮೀ. ಇವೆ. ಗಿಟಾರಿನ ದಪ್ಪಕ್ಕಿಂತ ಉದ್ದ ಆದರೆ ಹಿಂದೆ ಹೊರಗೆ ಬಂದು ಹೊಟ್ಟೆಗೆ ಚುಚ್ಚುತ್ತೆ.

ಬೆಂಗಳೂರಿನ ಅಂಗಡಿಯೊಂದರಲ್ಲಿ ವಿಚಾರಿಸುವಾಗ ಮಾಲೀಕರು ಯಾವ ತಂಡ ಅಂತ ಕೇಳಿದರು. ಹೇಳಿದೆ. “ನೀವು ತಮಟೆ ಹಾಡಿನವರಲ್ವಾ, ನಿಮಗ್ಯಾಕೆ ಸಾರ್ ಇದೆಲ್ಲಾ? ಸಾದಾದು ಸಾಕು” ಅಂದರು. ಬೈದಿದ್ದಲ್ಲ, ಸಲಹೆ ಕೊಟ್ಟಿದ್ದು. ಸಾರ್ ಅಂತಲೂ ಅಂದರು. ಆ ‘ಸಾಕು’ ನನಗೆ ಹಳೇ ಪರಿಚಯ. ತಮಟೆಯನ್ನು ನಮ್ಮ ಮೇಲೆ ಹೇರಿದ್ದೂ ಅವರೇ, ಇಷ್ಟೇ ನಿನ್ನದು ಅಂದಿದ್ದೂ ಅವರೇ. ನಾವು ಸಾವಿಗೆ, ಮಾರಿಹಬ್ಬಕ್ಕೆ ಬಿಟ್ಟಿ ಬಾರಿಸೋದನ್ನು ಬಿಟ್ಟು ಅದನ್ನೇ ಚಳವಳಿಯ ವಾದ್ಯ ಮಾಡಿಕೊಂಡ್ವಿ. ಅಂದ ಮಾತ್ರಕ್ಕೆ ಬೇರೇನೂ ಮುಟ್ಟಬಾರದು ಅಂತಲ್ಲ.

ಅಮೆರಿಕದಲ್ಲಿ ಕಪ್ಪು ಜನಕ್ಕೂ ಇದೇ ಆಯ್ತು. ರಾಕ್ ಸಂಗೀತ ಹುಟ್ಟಿದ್ದು ಅವರ ಬ್ಲೂಸ್‌ನಿಂದ, ಆಮೇಲೆ ಅದು ಬಿಳಿಯರದು ಅಂತಾಯ್ತು. 1985ರಲ್ಲಿ ನ್ಯೂಯಾರ್ಕಿನಲ್ಲಿ ಗಿಟಾರಿಸ್ಟ್ ವರ್ನನ್ ರೀಡ್, ಗ್ರೆಗ್ ಟೇಟ್, ಕೊಂಡಾ ಮೇಸನ್ ಸೇರಿ ಬ್ಲ್ಯಾಕ್ ರಾಕ್ ಕೋಯಲಿಷನ್ ಕಟ್ಟಿದ್ದೇ ಈ ಕಾರಣಕ್ಕೆ. ಅದಕ್ಕೂ ಮೊದಲು 1969ರ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆ ಬಾರಿಸುತ್ತಾ ಇದೇ ಸಲಾಕೆ ಒತ್ತಿ ಬಾಂಬ್ ಬೀಳೋ ಸದ್ದು ಹೊರಡಿಸಿದ, ವಿಯೆಟ್ನಾಂ ಯುದ್ಧದ ಕಾಲದಲ್ಲಿ. ಅವನ ಗಿಟಾರಿಗೆ ಈ ಬೀಗ ಇರಲಿಲ್ಲ. ಪಕ್ಕದ ಚೆನ್ನೈನಲ್ಲಿ 2018ರ ಜನವರಿಯಲ್ಲಿ ದಿ ಕಾಸ್ಟ್‌ಲೆಸ್ ಕಲೆಕ್ಟಿವ್ ವೇದಿಕೆ ಹತ್ತಿದಾಗ ಪರೈ ಪಕ್ಕದಲ್ಲೇ ಗಿಟಾರೂ ಇತ್ತು. ಯಾರೂ ಯಾರಿಗೂ ಅಡ್ಡ ಬರಲಿಲ್ಲ.

ಹೊಸ ಬ್ರಿಡ್ಜ್ ಕೂರಿಸೋಕೆ ಒಂದು ಭಾನುವಾರ ಪೂರ್ತಿ ಹೋಯ್ತು. ಒಂದು ತಂತಿ ಬಿಗಿ ಮಾಡಿದರೆ ಉಳಿದ ಐದು ಇಳಿಯುತ್ತೆ, ಮತ್ತೆ ಮೊದಲಿಂದ. ನಮ್ಮ ಹುಡುಗನ ತಾಳ್ಮೆ ದೊಡ್ಡದು. ಸಂಜೆ ಇಪ್ಪತ್ತು ಸಲ ಪಾತಾಳಕ್ಕೆ ಇಳಿಸಿ ಬಿಟ್ಟ, ಇಪ್ಪತ್ತು ಸಲವೂ ಟ್ಯೂನರ್ ಮುಳ್ಳು ಅಲ್ಲೇ ಬಂದು ನಿಂತಿತು. ಅಕ್ಕ ಸುಮ್ಮನೆ ಕೂತು ನೋಡ್ತಿದ್ದರು, ಆಮೇಲೆ ತಾವೇ ಸಾಲು ಎತ್ತಿಕೊಂಡರು.

ಒಂದು ತೊಂದರೆ ಇದ್ದೇ ಇದೆ. ಹಾಡುವಾಗ ಒಂದು ತಂತಿ ಹರಿದರೆ ಸ್ಪ್ರಿಂಗ್ ಎಳೆತ ಗೆದ್ದು ಉಳಿದ ಐದೂ ಶ್ರುತಿ ತಪ್ಪುತ್ತವೆ, ವೇದಿಕೆ ಮೇಲೆ ರಿಪೇರಿ ಆಗಲ್ಲ. ಅದಕ್ಕೇ ಈ ಹಾಡನ್ನು ಪಟ್ಟಿಯಲ್ಲಿ ಕೊನೆಗೆ ಹಾಕಿದ್ದೇವೆ, ತಂತಿಯನ್ನೂ ಪ್ರತಿ ಕಾರ್ಯಕ್ರಮಕ್ಕೆ ಹೊಸದು ಹಾಕ್ತೀವಿ. ಆ ಖರ್ಚು ನನ್ನದು, ಚಂದಾದಿಂದ ಅಲ್ಲ. ಬಿಲ್ಲಿನ ಫೋಟೋ, ಉಳಿದ ದುಡ್ಡಿನ ಲೆಕ್ಕ ಎರಡೂ ಕಾಮೆಂಟಿನಲ್ಲಿವೆ, ನೋಡಿ. ಹಳೇ ಬ್ರಿಡ್ಜ್ ನನ್ನ ಮನೇಲಿದೆ, ಅದರ ಸ್ಕ್ರೂ, ಸ್ಪ್ರಿಂಗ್ ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ.