ಟವೆಲ್ ಹಾಕಿದ ಸೀಟು

ನಸುಕಿನಲ್ಲಿ ನೀವು ಮಾಗಡಿ ಕೆರೆಯ ದಂಡೆಯ ಮೇಲೆ ನಿಂತಿದ್ದೀರಿ. ಡಿಸೆಂಬರಿನ ಚಳಿ ಅಂಗಾಲಿನಿಂದ ಏರುತ್ತಿದೆ. ಮೂಗಿಗೆ ಕೆಸರಿನ ವಾಸನೆ. ಅವು ಮೊದಲು ಕಿವಿಗೆ ಬರುತ್ತವೆ, ಆಮೇಲೆ ಕಣ್ಣಿಗೆ: ಹೊಲದಲ್ಲಿ ಮೇಯ್ದು ನೀರಿಗೆ ಮರಳುತ್ತಿರುವ ಪಟ್ಟೆತಲೆ ಹೆಬ್ಬಾತುಗಳು. ಹಿಮಾಲಯ ದಾಟಿ ಬಂದ ರೆಕ್ಕೆಗಳು ನೆತ್ತಿಯ ಮೇಲೇ ಬಡಿದಾಗ ಕುತ್ತಿಗೆ ತಾನಾಗಿ ಕುಗ್ಗುತ್ತದೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಈ ಕೆರೆ 2024ರಲ್ಲಿ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದೆ. ಇಲ್ಲಿಗೆ ಬರುವ ಹಕ್ಕಿಗಳನ್ನು ಎಣಿಸುತ್ತಾರೆ, ಬರೆದಿಡುತ್ತಾರೆ.

ಮಧ್ಯಾಹ್ನ ಡಂಬಳ. ಬಿಸಿಲಿಗೆ ಕಾದ ದೊಡ್ಡಬಸಪ್ಪ ಗುಡಿಯ ಗೋಡೆಗೆ ಅಂಗೈ ಇಡುತ್ತೀರಿ. ನಕ್ಷತ್ರದ ಹಾಗೆ 24 ಮೂಲೆ ಹೊರಚಾಚಿದ ಗರ್ಭಗುಡಿ ಇದು. ಎಣಿಸುತ್ತ ಸುತ್ತಿದರೆ ನಡುವೆಯೇ ಲೆಕ್ಕ ತಪ್ಪುತ್ತದೆ. ಒಳಗೆ ದೊಡ್ಡ ನಂದಿ, ಎಣ್ಣೆಯ ಕಮಟು, ಕಾಲಿಗೆ ತಂಪು. 12ನೇ ಶತಮಾನದಲ್ಲಿ ಈ ಕಲ್ಲುಗಳನ್ನು ಯಾರು ಹೊತ್ತರೋ ಎಂಬುದು ನಿಮ್ಮ ತಲೆಗೆ ಬರುವುದಿಲ್ಲ. ಫೋಟೊ ಚೆನ್ನಾಗಿ ಬಂದಿದೆ.

ಈಗ ಕತ್ತಲು, ಮುಂಡರಗಿಯ ಬಸ್ ನಿಲ್ದಾಣ. ಗದಗಿನ ಮೇಲೆ ಮಂಗಳೂರಿಗೆ ಹೋಗುವ ಬಸ್ಸು ಇನ್ನೂ ನಿಂತಿಲ್ಲ, ಜನ ಆಗಲೇ ಓಡುತ್ತಿದ್ದಾರೆ. ನೀವೂ ಓಡುತ್ತೀರಿ, ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತೀರಿ. ಸುತ್ತ ಹಿಟ್ಟಿನ ಚೀಲ, ಪ್ಲಾಸ್ಟಿಕ್ ಕೊಡ, ಹಂಚು, ಕಟಕ ರೊಟ್ಟಿಯ ಗಂಟು. ಪ್ರವಾಸದ ಸಾಮಾನಲ್ಲ, ಒಂದು ಅಡುಗೆಮನೆಯೇ ಹೊರಟಿದೆ. ಕೆಲಸ ಹುಡುಕಿ ಹೀಗೆ ಊರು ಬಿಡುವುದಕ್ಕೆ ಇಲ್ಲಿ ಗುಳೆ ಎನ್ನುತ್ತಾರೆ. ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ, ಆದರೆ ಮಳೆ ನಂಬಿದ ತುಂಡು ಹೊಲದಲ್ಲಿ ವರ್ಷವಿಡೀ ಕೆಲಸವಿಲ್ಲ.

ಬಾಗಿಲಲ್ಲಿ ಎದೆಗೆ ಎದೆ ಒತ್ತುತ್ತದೆ. ಬೆವರು, ಡೀಸೆಲ್, ಯಾರದೋ ತಲೆಯ ಕೊಬ್ಬರಿ ಎಣ್ಣೆ. "ಇದರ ಕೈ ಹಿಡಕೊಳ್ರೀ!" ಎಂಬ ಹೆಣ್ಣುದನಿ, ನಿಮ್ಮ ಮುಷ್ಟಿಯೊಳಗೆ ಒಂದು ಪುಟ್ಟ ಕೈ. ಹುಡುಗಿಗೆ ನಾಲ್ಕು ವರ್ಷವಿರಬಹುದು. ತಾಯಿ ಉಳಿದ ಗಂಟಿಗೆಂದು ಹಿಂದಕ್ಕೆ ಓಡಿದ್ದಾಳೆ. ನೀವು ಹತ್ತುತ್ತೀರಿ, ಕೂಸೂ ಹತ್ತುತ್ತದೆ.

"ರೈಟ್!"

ಬಸ್ಸು ಜಗ್ಗುತ್ತದೆ. ತಾಯಿ ಇಲ್ಲ. "ಯವ್ವಾ!" ಎಂದು ಕೂಸು ಚೀರುತ್ತದೆ. ನಿಮ್ಮ ಗಂಟಲು ಒಣಗಿದೆ. ಇಳಿಯಬೇಕೆ? ಬಾಗಿಲು ಕಾಣುವುದಿಲ್ಲ. ಕೈ ಬಿಡಬೇಕೆ? ಬಿಟ್ಟರೆ ಕಾಲ್ತುಳಿತ. ಬಿಡುವುದಿಲ್ಲ. ಕೂಗುತ್ತೀರಿ: "ಹೋಲ್ಡಾನ್! ಹೋಲ್ಡಾನ್!" ಹತ್ತು ದನಿ ಕೂಡುತ್ತವೆ. ಬ್ರೇಕು ಕಿರುಗುಟ್ಟುತ್ತದೆ.

ಅವಳು ಏದುಸಿರು ಬಿಡುತ್ತ ಹತ್ತುತ್ತಾಳೆ. ಮೊದಲು ಮಗಳ ತಲೆ ಮುಟ್ಟುತ್ತಾಳೆ, ಆಮೇಲೆ ಗಂಟು ಎಣಿಸುತ್ತಾಳೆ. ಲೆಕ್ಕ ಸರಿಯಿದೆ.

ನಿಮ್ಮ ಸೀಟು ಖಾಲಿಯಿದೆ, ಟವೆಲ್ ಕಾಯುತ್ತಿದೆ. ನಿಮಗೆ ಗದಗಿನವರೆಗೆ ಒಂದು ತಾಸಿನ ದಾರಿ, ಅವಳಿಗೆ ಮಂಗಳೂರಿನವರೆಗೆ ಇಡೀ ರಾತ್ರಿ. ಆದರೂ ಬೆಳಗಿನಿಂದ ಸುತ್ತಿದ ಮೊಣಕಾಲು ಕೂರಬೇಕೆನ್ನುತ್ತದೆ. ಆ ಅರೆಗಳಿಗೆಯ ಲೆಕ್ಕಾಚಾರ ನಿಮಗೇ ನಾಚಿಕೆ ತರಿಸುತ್ತದೆ. ಟವೆಲ್ ತೆಗೆಯುತ್ತೀರಿ. ಅವಳು ಕೂರುತ್ತಾಳೆ.

"ಏನ್ ಕೆಲಸಕ್ಕ ಹೊಂಟೀರಿ?"

"ಕಟ್ಟಡದ ಕೆಲಸಕ್ರೀ. ಕಲ್ಲು ಹೊರೋದು."

ಕಿಟಕಿಯಾಚೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ. ಡಂಬಳ ಬರುತ್ತದೆ, ಗುಡಿ ಕತ್ತಲಲ್ಲಿದೆ, ಬಸ್ಸು ದಾಟಿ ಹೋಗುತ್ತದೆ. ಮಧ್ಯಾಹ್ನ ಕೇಳದೇ ಉಳಿದ ಪ್ರಶ್ನೆ ಈಗ ನಿಮ್ಮ ಮುಂದಿನ ಸೀಟಿನಲ್ಲಿ ಕೂತಿದೆ, ತೊಡೆಯ ಮೇಲೆ ಮಗು ಮಲಗಿಸಿಕೊಂಡು.

ಮಾಗಡಿಗೆ ಹಕ್ಕಿ ನೋಡಲು ಬಂದವರು ಒಂದು ಸಂಜೆ ಮುಂಡರಗಿಯ ಬಸ್ ನಿಲ್ದಾಣಕ್ಕೂ ಹೋಗಿ ಬನ್ನಿ. ಸೀಟಿಗೆ ಮಾತ್ರ ಟವೆಲ್ ಹಾಕಬೇಡಿ.